ಅತ್ತೆಯನ್ನು ವಿಚಾರಿಸದ ಕಯಾಕ್ ಯಂತ್ರಕ್ಕೆ

ಮಾನ್ಯರೇ,

ಕಯಾಕ್ ಎಂಬ ಕಿರುದೋಣಿಗಳ ಅಂಗಡಿಯ ವೆಬ್‌ಸೈಟಿನ ಮೂಲೆಯಲ್ಲಿ ಕುಳಿತು, ‘ನಿಮಗೆ ತಕ್ಕ, ಕಾಲಲ್ಲಿ ತುಳಿಯುವ ಪೆಡಲ್ ಕಯಾಕ್ ಆರಿಸಿಕೊಡುತ್ತೇನೆ’ ಎಂದು ಹಗಲಿರುಳು ಕಣ್ಣು ಮಿಟುಕಿಸುವ ಯಂತ್ರವಾದ ತಮಗೆ ಮಾರ್ಸ್ಡನ್ ಪಾರ್ಕಿನ ಲತೇಶ ಮಾಡುವ ದೊಡ್ಡ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಮೊಣಕಾಲು ಅಷ್ಟು ಕ್ಷೇಮವಾಗಿಲ್ಲ.

ತಾವು ಹನ್ನೊಂದು ಪ್ರಶ್ನೆ ಕೇಳಿದಿರಿ. ತೂಕ ಕೇಳಿದಿರಿ, ಎತ್ತರ ಕೇಳಿದಿರಿ, ನಿಂತು ಗಾಳ ಹಾಕುವೆನೋ ಕೂತೋ ಎಂದೂ ಕೇಳಿದಿರಿ; ಮದುವೆಗೆ ಮೊದಲು ಹೆಣ್ಣಿನ ಕಡೆಯವರೂ ನನ್ನನ್ನು ಇಷ್ಟು ವಿಚಾರಿಸಿರಲಿಲ್ಲ. ಮೂರನೆಯದು, ಸಿಹಿನೀರೋ ಉಪ್ಪುನೀರೋ ಎಂಬುದು. ನೆಪಿಯನ್ ನದಿ ಮನೆಗೆ ಹತ್ತಿರ, ಸಮುದ್ರ ಮನಸ್ಸಿಗೆ ಹತ್ತಿರ, ಆದ್ದರಿಂದ ‘ಎರಡೂ’ ಎಂದು ಒತ್ತಿದೆ. ಪಾಚಿಯ ನದಿಗೆ ನೀರಡಿಯಲ್ಲಿ ರೆಕ್ಕೆ ಬಡಿದು ಸಾಗುವ ಕಯಾಕ್ ಒಳ್ಳೆಯದು, ಸಮುದ್ರಕ್ಕೆ ಹಿಂದಕ್ಕೂ ಓಡುವ ಪ್ರೊಪೆಲ್ಲರಿನದು ಒಳ್ಳೆಯದು ಎಂದು ಉಪನ್ಯಾಸ ಕೊಟ್ಟು, ಕೊನೆಗೆ ಪ್ರೊಪೆಲ್ಲರಿನದನ್ನೇ ದಯಪಾಲಿಸಿದಿರಿ.

ಆದರೆ ಅತ್ತೆಯ ಬಗ್ಗೆ ತಾವು ಒಂದು ಮಾತೂ ಕೇಳಲಿಲ್ಲ. ಉಡುಪಿಯಿಂದ ಬಂದು ಮೂರು ತಿಂಗಳಾದರೂ ನಮ್ಮತ್ತೆ ತುಂಗಾ ಇಲ್ಲಿನ ಅಂಗಡಿ ಮೀನನ್ನು ‘ಐಸಿನ ಹೆಣ’ ಎಂದು ತಟ್ಟೆಯಂಚಿಗೆ ದೂಡುತ್ತಿದ್ದರು. ನದಿಯ ಮೀನನ್ನಂತೂ ಮೀನೆಂದೇ ಎಣಿಸುವವರಲ್ಲ. ಭಾನುವಾರ ಅವರು ವಿಮಾನ ಹತ್ತುವ ಮೊದಲು ನಾನೇ ಹಿಡಿದ ಸಮುದ್ರದ ಮೀನು ಬಡಿಸುತ್ತೇನೆಂದು ನೆಂಟರ ಮುಂದೆ ಕೊಚ್ಚಿಕೊಂಡಿದ್ದೆ. ಹದಿನೆಂಟು ವರ್ಷದ ಅಳಿಯತನದಲ್ಲಿ ಮರ್ಯಾದೆ ಸಂಪಾದಿಸಲು ಸಿಕ್ಕ ಒಂದೇ ಅವಕಾಶ ಅದು.

ಹೊಸ ವಾಹನವನ್ನು ಪೂಜೆಯಿಲ್ಲದೆ ಹೊರಡಿಸುವ ಪದ್ಧತಿ ನಮ್ಮಲ್ಲಿಲ್ಲ. ಡ್ರೈವ್‌ವೇಯಲ್ಲಿ ತೆಂಗಿನಕಾಯಿ ಒಡೆದು, ಕುಂಕುಮ ಹಚ್ಚಿ, ಹಿತ್ತಲಿನ ಮಲ್ಲಿಗೆಯ ಮಾಲೆಯನ್ನು ಪ್ರೊಪೆಲ್ಲರಿಗೆ ಭಕ್ತಿಯಿಂದ ಸುತ್ತಿದೆವು. ಹೂ ಕಟ್ಟುವ ದಾರ ಮುಗಿದಿತ್ತೆಂದು ಹೆಂಡತಿ ನಿಶ್ಮಿತಾ ನನ್ನ ಗಾಳದ ನೈಲಾನ್ ದಾರದಲ್ಲೇ ಮಾಲೆ ಕಟ್ಟಿದ್ದಳು. ‘ಅಪ್ಪಾ, ಜಸ್ಟ್ ಟೇಕ್ ಇಟ್ ಆಫ್’ ಎಂದಳು ಮಗಳು. ದೇವರ ಹೂವನ್ನು ಕೀಳಬಾರದು, ತಾನಾಗಿ ಉದುರಬೇಕು ಎಂದು ಅವಳಿಗೆ ಬುದ್ಧಿ ಹೇಳಿದೆ.

ಶನಿವಾರ ಬೆಳಿಗ್ಗೆ ಪಿಟ್‌ವಾಟರ್ ಕೊಲ್ಲಿಯ ಉಪ್ಪುನೀರಿನಲ್ಲಿ ಹೂವು ಉದುರಿತು, ದಾರ ಉಳಿಯಿತು. ಅದು ಪ್ರೊಪೆಲ್ಲರಿಗೆ ಸುತ್ತಿಕೊಂಡು, ನಡುನೀರಿನಲ್ಲಿ ಪೆಡಲು ಬಿಗಿದು ಮೊಣಕಾಲು ಉಳುಕಿದಾಗ ಮೀನುಗಳು ನನ್ನನ್ನು ನೋಡಲೆಂದೇ ಬಂದಂತೆ ಸುತ್ತ ನೆಗೆಯುತ್ತಿದ್ದವು. ‘ಕೈಗೆ ಪೂರ್ತಿ ಬಿಡುವು’ ಎಂಬ ತಮ್ಮ ವರ್ಣನೆಯನ್ನು ನಂಬಿ ಹುಟ್ಟನ್ನು ಗ್ಯಾರೇಜಿನಲ್ಲೇ ಬಿಟ್ಟಿದ್ದರಿಂದ, ಕೈಗೆ ನಿಜಕ್ಕೂ ಪೂರ್ತಿ ಬಿಡುವಿತ್ತು. ಕೊನೆಗೆ ಎಪ್ಪತ್ತು ದಾಟಿದ ಆಂಟಿಯೊಬ್ಬರು ತಮ್ಮ ಹುಟ್ಟು ಹಾಕುವ ಹಳೆಯ ಕಯಾಕಿಗೆ ನನ್ನನ್ನು ಕಟ್ಟಿಕೊಂಡು ದಡಕ್ಕೆ ಎಳೆದು ತಂದರು. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಸಂಜೆ ದಾರ ಕತ್ತರಿಸಿ ನೆಪಿಯನ್ ನದಿಗಿಳಿದೆ. ಅರ್ಧ ಗಂಟೆಯಲ್ಲಿ ಒಳ್ಳೆಯ ಬ್ಯಾಸ್ ಮೀನು ಸಿಕ್ಕಿತು. ಮರುದಿನ ಧಾರಾಳವಾಗಿ ಹುಣಸೆ, ಮೆಣಸು ಅರೆದು ಹಾಕಿ, ಸಮುದ್ರದ್ದೆಂದೇ ಬಡಿಸಿದೆ. ಅತ್ತೆ ತಟ್ಟೆಯಂಚಿಗೆ ದೂಡದೆ ಎರಡು ಸಲ ಹಾಕಿಸಿಕೊಂಡರು. ನನ್ನ ಕಣ್ಣು ತುಂಬಿ ಬಂತು. ವಿಮಾನ ನಿಲ್ದಾಣದಲ್ಲಿ ಒಳಗೆ ಹೋಗುವ ಮುಂಚೆ ತಿರುಗಿ, ‘ಲತೇಶಾ, ನಿಮ್ಮ ಈ ಊರಿನ ಸಮುದ್ರಕ್ಕೆ ಉಪ್ಪು ಸ್ವಲ್ಪ ಕಮ್ಮಿ ಉಂಟಲ್ಲ’ ಎಂದರು.

ಆದ್ದರಿಂದ ‘ಅತ್ತೆ ಯಾವ ನೀರಿನ ಮೀನು ತಿನ್ನುತ್ತಾರೆ?’ ಎಂಬ ಹನ್ನೆರಡನೆಯ ಪ್ರಶ್ನೆಯನ್ನು ಸೇರಿಸಬೇಕೆಂದೂ, ಮಾಲೆ ಹಾಕಿಸಿಕೊಳ್ಳಲೆಂದೇ ತಿರುಗದ ಇನ್ನೊಂದು ಪ್ರೊಪೆಲ್ಲರನ್ನು ಜೋಡಿಸಬೇಕೆಂದೂ, ಸಾಧ್ಯವಾದರೆ ನೆಪಿಯನ್ ನದಿಗೆ ಒಂದಷ್ಟು ಉಪ್ಪು ಸುರಿಸಬೇಕೆಂದೂ ಕೈಮುಗಿದು ಬೇಡುತ್ತೇನೆ.

ದಡಕ್ಕೆ ಎಳೆತಂದರೂ ಬುದ್ಧಿ ಬಾರದ
ತಮ್ಮ ವಿಶ್ವಾಸಿ,
ಲತೇಶ

ವಿ.ಸೂ.: ಅತ್ತೆ ಮುಂದಿನ ವರ್ಷ ಮತ್ತೆ ಬರುತ್ತಾರೆ. ನಾನು ಮೀನು ಹಿಡಿಯುವುದು ಎಲ್ಲಿ ಎಂದು ಕಣ್ಣಾರೆ ನೋಡಲು ಅವರೂ ಕಯಾಕಿನಲ್ಲಿ ಕೂರುತ್ತಾರಂತೆ. ಎರಡು ಸೀಟಿನದೊಂದನ್ನು ಆರಿಸಿಡಿ. ತಮ್ಮ ಪ್ರಶ್ನೆಗಳಿಗೆಲ್ಲ ಈ ಸಲ ಅವರೇ ಉತ್ತರ ಕೊಡುತ್ತಾರೆ. ಆಮೇಲೆ ಅವರೂ ತಮ್ಮನ್ನು ಕೆಲವು ಪ್ರಶ್ನೆ ಕೇಳಲಿದ್ದಾರೆ.