ರಾಯರು ಫಂಡು ತಿದ್ದಿದ್ದು

ನಿವೃತ್ತಿಗೆ ಇನ್ನು ಹದಿನೆಂಟೇ ತಿಂಗಳು ಎಂಬ ಘೋರ ಸತ್ಯ ರಾಯರಿಗೆ ಹೊಳೆದದ್ದು ಮುದ್ರಣಾಲಯದ ಮಾಲೀಕರು ನಕ್ಕಾಗ. ಮೂವತ್ತೊಂದು ವರ್ಷ ಮುಖ ಗಂಟು ಹಾಕಿಕೊಂಡೇ ಸಂಬಳ ಕೊಟ್ಟ ಮನುಷ್ಯ ಒಂದು ಬೆಳಗ್ಗೆ ಹೆಗಲ ಮೇಲೆ ಕೈಯಿಟ್ಟು, "ಆಮೇಲೆ ಆರಾಮಾಗಿ ಮನೇಲಿರಬಹುದು ಬಿಡಿ" ಎಂದುಬಿಟ್ಟರು. ಮನೆಯಲ್ಲಿರಬಹುದು, ಸರಿ. ಆರಾಮಾಗಿ ಇರುವುದಕ್ಕೆ ದುಡ್ಡು ಬೇಕಲ್ಲ? ಅವರದು ಪಿಂಚಣಿಯಿಲ್ಲದ ನೌಕರಿ.

ರಾಯರ ಕೆಲಸ ಪ್ರೂಫ್ ತಿದ್ದುವುದು. ಔಷಧಿ ಡಬ್ಬಿಯ ಚೀಟಿಯಿಂದ ಹಿಡಿದು ಕಾನೂನು ಪುಸ್ತಕದವರೆಗೆ ಯಾವ ಕಾಗದವೂ ಅವರ ಕೆಂಪು ಪೆನ್ನಿನ ಏಟು ತಿನ್ನದೆ ಮೇಜು ದಾಟುತ್ತಿರಲಿಲ್ಲ. ಮಾತಾಡುವಾಗಲೂ ನಡುನಡುವೆ ನಿಂತು, ಹಿಂದೆ ಹೇಳಿದ್ದು ಸರಿಯಿತ್ತೇ ಎಂದು ನೋಡಿಕೊಂಡು ಮುಂದೆ ಹೋಗುವ ಅಭ್ಯಾಸ. ಹಾಗಾಗಿ ಜೊತೆಯವರೆಲ್ಲ ಅವರನ್ನು 'ಅಲ್ಪವಿರಾಮ ರಾಯರು' ಎಂದೇ ಕರೆಯುತ್ತಿದ್ದರು. (ಹೆಂಡತಿಯ ಎದುರು ಮಾತ್ರ ಪೂರ್ಣವಿರಾಮ.)

ಜೀವಮಾನದ ಉಳಿತಾಯ ಬ್ಯಾಂಕಿನ ಖಾತೆಯಲ್ಲಿ ಬಿದ್ದಿತ್ತು. ಊರಿನ ಬೆಲೆಗಳೆಲ್ಲ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗುತ್ತಿದ್ದರೆ ಅದು ಕೆಳಗೆ ಕೂತು ಆಕಳಿಸುತ್ತಿತ್ತು. ಅದನ್ನೆಬ್ಬಿಸಿ ಒಂದು ಒಳ್ಳೆಯ ಮ್ಯೂಚುವಲ್ ಫಂಡಿಗೆ ಸೇರಿಸಬೇಕು ಎಂದು ರಾಯರು ತೀರ್ಮಾನಿಸಿದರು. ಆದರೆ ಒಳ್ಳೆಯದು ಯಾವುದು? ಈ ಗಹನ ಪ್ರಶ್ನೆಯ ಇತ್ಯರ್ಥಕ್ಕಾಗಿ ಭಾನುವಾರದ ಬೆಳಗುಗಳಲ್ಲಿ ಅವರ ಮನೆಯ ಹಾಲಿನಲ್ಲಿ ಒಂದು ಉನ್ನತ ಮಟ್ಟದ ಸಮಿತಿ ಸೇರತೊಡಗಿತು. ಸದಸ್ಯರು ಇಬ್ಬರು. ಒಬ್ಬರು ಕೆಳಗಿನ ಮನೆಯ ಹಲ್ಲಿನ ಡಾಕ್ಟರು. ಇನ್ನೊಬ್ಬರು ಎದುರುಮನೆಯ ಕ್ಯಾಷಿಯರು, ಬ್ಯಾಂಕಿನಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ರಾಯರ ಹೆಂಡತಿ ಸದಸ್ಯೆಯಲ್ಲ. ಆದರೆ ಆಕೆಯ ಹೊಲಿಗೆ ಯಂತ್ರ ಹಾಲಿನ ಕಿಟಕಿಯ ಪಕ್ಕದಲ್ಲೇ ಇದ್ದುದರಿಂದ, ಯಂತ್ರದ ಜೊತೆ ಅವಳೂ ಹಾಜರಿರುತ್ತಿದ್ದಳು.

"ಹೋದ ವರ್ಷ ಯಾವ ಫಂಡು ಮೊದಲನೇ ನಂಬರಿನಲ್ಲಿತ್ತೋ ಅದನ್ನ ಕಣ್ಮುಚ್ಚಿ ತಗೊಳ್ಳಿ," ಎಂದರು ಡಾಕ್ಟರು. "ಪ್ರತಿ ವರ್ಷ ನಾನು ಮಾಡೋದೇ ಅದು." ಹೀಗೆ ಕಣ್ಮುಚ್ಚಿ ಕಣ್ಮುಚ್ಚಿ ಅವರ ಬಳಿ ಇಪ್ಪತ್ಮೂರು ಫಂಡುಗಳಾಗಿದ್ದವು.

"ಆ ಮೊದಲನೇ ನಂಬರುಗಳೆಲ್ಲ ಈ ವರ್ಷ ಎಲ್ಲಿವೆ?" ಎಂದರು ಕ್ಯಾಷಿಯರು.

"ಸ್ವಲ್ಪ ಕೆಳಗಿವೆ. ಬಾಯಿ ತೆರೆದು ಕೂತ ಮೇಲೆ ತಾಳ್ಮೆ ಬೇಕು ಸ್ವಾಮಿ."

"ಅದೆಲ್ಲ ಬಿಡಿ. ಫಂಡಿನೋರು ಖರ್ಚು ಅಂತ ಎಷ್ಟು ಹಿಡ್ಕೋತಾರೆ, ಅದನ್ನ ನೋಡಿ ಮೊದಲು. ನಮಗೆ ಲಾಭ ಬರಲಿ ಬಿಡಲಿ, ಅವರ ಪಾಲು ಅವರು ವರ್ಷಾ ವರ್ಷಾ ಕಿತ್ಕೊಳ್ತಾರೆ."

"ನೀವು ಯಾವ ಫಂಡಲ್ಲಿ ಹಾಕಿದೀರಿ?"

"ನಾನಾ? ನಂದೆಲ್ಲ ಎಫ್‌ಡಿ!" ಎಂದರು ಕ್ಯಾಷಿಯರು. ಅವರು ಈಜು ಬಾರದಿದ್ದರೂ ಕೊಳದ ಕಟ್ಟೆಯ ಮೇಲೆ ಕೂತು, ಕೈ ಹೀಗೆ ಬೀಸಿ, ಕಾಲು ಹಾಗೆ ಬಡಿಯಿರಿ ಎನ್ನುವ ಜಾತಿ.

ರಾಯರ ಮಾನದಂಡವೇ ಬೇರೆ. ಒಂದು ಪುಸ್ತಿಕೆಯನ್ನು ನೆಟ್ಟಗೆ ಅಚ್ಚು ಹಾಕಿಸಲಾರದವರು ಇನ್ನೊಬ್ಬರ ಮುಪ್ಪನ್ನು ನೆಟ್ಟಗೆ ನಡೆಸಿಯಾರೇ ಎಂಬುದು ಅವರ ವಾದ. ಮೊದಲನೇ ಫಂಡಿನ ಪುಸ್ತಿಕೆಯಲ್ಲಿ 'ಧೀರ್ಘಾವಧಿ' ಎಂದಿತ್ತು. "ದೀರ್ಘಾವಧಿಯೇ ತಪ್ಪಾದ ಮೇಲೆ, ಇನ್ನು ಉಳಿದದ್ದೇನು?" ಎಂದು ಪಕ್ಕಕ್ಕಿಟ್ಟರು. ಎರಡನೆಯದರಲ್ಲಿ ಹೂಡಿಕೆದಾರರು 'ಹುಡಿಕೆದಾರರು' ಆಗಿದ್ದರು. "ನೋಡಿ, ದುಡ್ಡನ್ನೆಲ್ಲ ಹುಡಿ ಮಾಡ್ತೀವಿ ಅಂತ, ಇವರು ಮೊದಲೇ ಒಪ್ಕೊಂಡಿದಾರೆ!" ಮೂರನೆಯದರಲ್ಲಿ 'ಲಾಬ' ಎಂದು ಕಂಡಾಗ ರಾಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮಹಾಪ್ರಾಣವೇ ಹೋಗಿದೆ. ಪ್ರಾಣ ಹೋದ ಲಾಭ ತಗೊಂಡು ಏನು ಮಾಡಲಿ?"

ಏಳು ಭಾನುವಾರಗಳಲ್ಲಿ ಹತ್ತೊಂಬತ್ತು ಫಂಡುಗಳು ಕೆಂಪು ಶಾಯಿಗೆ ಬಲಿಯಾದವು. ಎಂಟನೇ ಭಾನುವಾರ ಪವಾಡ ನಡೆಯಿತು. ಇಪ್ಪತ್ನಾಲ್ಕು ಪುಟದ ಪುಸ್ತಿಕೆ, ಒಂದೇ ಒಂದು ತಪ್ಪಿಲ್ಲ! ಅರ್ಧವಿರಾಮ ಕೂಡ ಇರಬೇಕಾದಲ್ಲೇ ಇತ್ತು. ರಾಯರು ಪುಸ್ತಿಕೆಯನ್ನು ಕಣ್ಣಿಗೊತ್ತಿಕೊಂಡರು. "ಸಿಕ್ಕಿತು! ಗುಣಮಟ್ಟ ಅಂದ್ರೆ ಇದು! ಈ ಫಂಡಿಗೆ ನನ್ನ ಮುಪ್ಪನ್ನು ಒಪ್ಪಿಸೋದಕ್ಕೆ, ನನಗೆ ಯಾವ ಸಂಕೋಚವೂ ಇಲ್ಲ."

"ಕೊಡಿ ಇಲ್ಲಿ," ಎಂದಳು ಹೆಂಡತಿ. ಯಾವ ಬಟ್ಟೆಯನ್ನಾದರೂ ಮೊದಲು ಹಿಂದುಮುಂದು ಮಾಡಿ ನೋಡುವುದು ಆಕೆಯ ವೃತ್ತಿಧರ್ಮ. ಪುಸ್ತಿಕೆಯನ್ನೂ ತಿರುಗಿಸಿ ಹಿಂದಿನ ರಟ್ಟಿನ ಬುಡ ನೋಡಿದಳು. "ರೀ, ಇಲ್ಲಿ ನಿಮ್ಮ ಪ್ರೆಸ್ಸಿನ ಹೆಸರಿದೆ. ಇದನ್ನ ತಿದ್ದಿದೋರು ನೀವೇ ಅಲ್ವಾ?"

ಹಾಲಿನಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ. (ಹೊಲಿಗೆಯವರ ಮನೆಯಾದ್ದರಿಂದ ಒಂದು ಬಿದ್ದದ್ದೂ ಕೇಳಿತು.) ಡಾಕ್ಟರು ಕೆಮ್ಮಿ ನಗು ನುಂಗಿದರು. ಕ್ಯಾಷಿಯರು ನುಂಗಲಿಲ್ಲ.

ರಾಯರು ಮೂರು ದಿನ ಮನೆಯಲ್ಲಿ ಕೆಂಪು ಪೆನ್ನು ಹೊರತೆಗೆಯಲಿಲ್ಲ. ಮೂವತ್ತೊಂದು ವರ್ಷದ ವಿದ್ಯೆ ಕೊನೆಗೆ ತನ್ನ ಬೆನ್ನನ್ನೇ ತಟ್ಟಿಕೊಂಡಿತ್ತು. ನಾಲ್ಕನೇ ದಿನ ಕಚೇರಿಯಲ್ಲಿ ಯಾವುದೋ ಪ್ರೂಫಿನ ಅಂಚಿನಲ್ಲಿ ಲೆಕ್ಕ ಹಾಕಿದರು: ದುಡ್ಡು ಹೀಗೆಯೇ ಮಲಗಿದ್ದರೆ ಎಲ್ಲಿಯವರೆಗೆ ಬಂದೀತು? ಉತ್ತರವನ್ನು ಎರಡು ಸಲ ತಾಳೆ ನೋಡಿದರು, ಬದಲಾಗಲಿಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದರು.

"ಎಪ್ಪತ್ತೊಂದಕ್ಕೆ ಮುಗಿಯುತ್ತೆ ಕಣೇ."

"ಯಾರು?"

"ದುಡ್ಡು."

"ಮತ್ತೆ ನೀವು?"

"ನಮ್ಮ ಕಡೆಯೋರು, ಎಂಬತ್ತೈದರವರೆಗೂ ಗಟ್ಟಿ."

ಹೆಂಡತಿ ಯಂತ್ರ ತುಳಿಯುತ್ತಲೇ ಮನಸ್ಸಿನಲ್ಲಿ ಎಣಿಸಿದಳು. "ನಡುವಿನ ಹದಿನಾಲ್ಕು ವರ್ಷ ಏನು ಮಾಡೋಣ ಅಂತಿದೀರಿ?"

ರಾಯರು ಗೋಡೆ ನೋಡಿದರು. "ನಾನು ಹೇಗಾದರೂ ಸ್ವಲ್ಪ ಬೇಗ..."

"ಬಾಯ್ಮುಚ್ಚಿ!" ಯಂತ್ರ ಗಕ್ಕನೆ ನಿಂತಿತು. "ನೀವು ಹೋಗಿ ಖರ್ಚು ಉಳಿಸೋದೇನೂ ಬೇಕಾಗಿಲ್ಲ. ನಾನು ನಿಮಗಿಂತ ಏಳು ವರ್ಷ ಚಿಕ್ಕೋಳು. ನಮ್ಮಮ್ಮ ತೊಂಬತ್ತೆರಡು ಬಾಳಿದೋರು. ನನ್ನನ್ನ ಯಾವ ಸಾಲಿನಲ್ಲಿ ಬರ್ಕೊಂಡಿದೀರಿ?"

ರಾಯರು ಜೇಬಿನಿಂದ ಆ ಲೆಕ್ಕದ ಕಾಗದ ತೆಗೆದು ನೋಡಿದರು. ಆಕೆಯನ್ನು ಯಾವ ಸಾಲಿನಲ್ಲೂ ಬರೆದುಕೊಂಡಿರಲಿಲ್ಲ. ಇಷ್ಟು ದೊಡ್ಡ ಬಿಟ್ಟಕ್ಷರ ಅವರ ಕೈಯಿಂದ ಎಂದೂ ಆಗಿರಲಿಲ್ಲ.

ಮುಂದಿನ ಭಾನುವಾರ ಸಮಿತಿಯ ಅಧ್ಯಕ್ಷಸ್ಥಾನ ಸದ್ದಿಲ್ಲದೆ ಕಿಟಕಿಯ ಪಕ್ಕಕ್ಕೆ ವರ್ಗವಾಯಿತು. ಹೆಂಡತಿ ಡಾಕ್ಟರ ಇಪ್ಪತ್ಮೂರು ಫಂಡಿನ ಕಾಗದಗಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿ, ಯಾವ ಫಂಡು ಯಾವ ಕಂಪನಿಗಳ ಷೇರು ಇಟ್ಟುಕೊಂಡಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದಳು.

"ಡಾಕ್ಟ್ರೇ, ಇಪ್ಪತ್ಮೂರು ಅಂಗಿ ಹೊಲಿಸಿದೀರಿ. ಬಟ್ಟೆ ಒಂದೇ. ಬಣ್ಣ ಬಿಟ್ರೆ ಎಲ್ಲದರದ್ದೂ ಒಟ್ಟಿಗೇ ಬಿಡುತ್ತೆ."

ಡಾಕ್ಟರ ಬಾಯಿ ತೆರೆದದ್ದು ತೆರೆದೇ ಇತ್ತು.

"ಮೊದಲನೇ ನಂಬರು ಕಟ್ಕೊಂಡು ನನಗೇನು? ಕೆಟ್ಟ ವರ್ಷದಲ್ಲಿ ಎಷ್ಟು ಕುಗ್ಗಿತು, ಆಮೇಲೆ ಮೊದಲಿನ ಅಳತೆಗೆ ಬಂತಾ, ಅದನ್ನ ಹೇಳಿ. ನೀರಿಗೆ ಹಾಕಿದ ಮೇಲೆ ತಾನೆ ಬಟ್ಟೆ ಗುಣ ಗೊತ್ತಾಗೋದು? ಹತ್ತು ವರ್ಷದಿಂದ ಕತ್ತರಿ ಒಬ್ಬರ ಕೈಯಲ್ಲೇ ಇದೆಯಾ, ಇಲ್ಲ ವರ್ಷಕ್ಕೊಬ್ಬ ಮ್ಯಾನೇಜರಾ? ಆಮೇಲೆ ನಮ್ಮ ಕ್ಯಾಷಿಯರಣ್ಣ ಕೇಳ್ತಾನೇ ಇದಾರಲ್ಲ, ಕೂಲಿ ಎಷ್ಟು?"

"ಮೂವತ್ತೈದು ವರ್ಷ ಕೌಂಟರಲ್ಲಿ ಕೂತಿದ್ದೆ ತಂಗಿ," ಎಂದರು ಕ್ಯಾಷಿಯರು. "ಇಷ್ಟು ನೇರವಾಗಿ ಕೇಳಿದ ಒಬ್ಬ ಗಿರಾಕೀನೂ ಬರಲಿಲ್ಲ."

ಹನ್ನೆರಡು ಗಂಟೆಯ ಹೊತ್ತಿಗೆ ಎಲ್ಲ ನಿಶ್ಚಯವಾಗಿತ್ತು. ಮೊದಲ ಕೆಲವು ವರ್ಷಗಳ ಖರ್ಚಿನಷ್ಟು ಎಫ್‌ಡಿಯಲ್ಲಿ. ಮುಂದೆ ಮುದುಕರಾದಾಗ ಬೇಕಾದದ್ದು ಎರಡೇ ಎರಡು ಫಂಡುಗಳಲ್ಲಿ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ. ಅವೆರಡರ ಪುಸ್ತಿಕೆಗಳಲ್ಲೂ ತಪ್ಪುಗಳು ಇರುವೆಸಾಲಿನಂತೆ ಹರಿದಿದ್ದವು. ಅವುಗಳ ಬಗ್ಗೆ ರಾಯರನ್ನು ಯಾರೂ ಕೇಳಲಿಲ್ಲ.

ಅರ್ಜಿ ತುಂಬುವ ಕೆಲಸವಾದರೂ ನನಗಿರಲಿ ಎಂದು ಗೋಗರೆದು ಪಡೆದುಕೊಂಡರು. ವಾರದೊಳಗೆ ಅರ್ಜಿ ವಾಪಸು ಬಂತು. ಅಚ್ಚಾಗಿದ್ದ ಅರ್ಜಿಯಲ್ಲೇ ರಾಯರು ಹನ್ನೊಂದು ಕಡೆ ಕೆಂಪು ಶಾಯಿಯಲ್ಲಿ ತಿದ್ದಿ, ಅಂಚಿನಲ್ಲಿ 'ಗಮನಿಸಿ' ಎಂದು ಬರೆದಿದ್ದರಂತೆ. ಎರಡನೇ ಸಲ ನೀಲಿ ಶಾಯಿ ಬಳಸಿದರು. ಕಣ್ಣಿಗೆ ತೀರಾ ಚುಚ್ಚುವ ನಾಲ್ಕನ್ನು ಮಾತ್ರ ತಿದ್ದಿದರು. ಅದೂ ವಾಪಸು ಬಂತು.

ಮೂರನೇ ಅರ್ಜಿಯನ್ನು ಹೆಂಡತಿಯೇ ಕಿತ್ತುಕೊಂಡಳು. "ಆ ಕುರ್ಚಿ ಮೇಲೆ ಕೈಕಟ್ಟಿ ಕೂತ್ಕೊಳ್ಳಿ. ಪೆನ್ನು ಮುಟ್ಟಬೇಡಿ. ತುಟಿ ಪಿಟಕ್ಕನ್ನಬೇಡಿ. ನಾನು ಹೇಳಿದಲ್ಲಿ ಒಂದು ಸಹಿ, ಅಷ್ಟೇ ನಿಮ್ಮ ಕೆಲಸ."

ಮೊದಲ ಹೆಸರು ಆಕೆಯದು, ಎರಡನೆಯದು ರಾಯರದು. ಸಹಿ ಹಾಕಲು ಬಗ್ಗಿದಾಗ ರಾಯರು ನೋಡಿದರು: ತಮ್ಮ ಹೆಸರಿನ ನಡುವಿನ ಒತ್ತಕ್ಷರವೇ ಮಾಯ! ಮುಪ್ಪಿಗೊಂದು ಒತ್ತಾಸೆ ಹುಡುಕಿ ಹೊರಟವರ ಹೆಸರಿಗೇ ಒತ್ತಿಲ್ಲ. ಹೆಂಡತಿಯ ಮುಖ ನೋಡಿದರು. ಅರ್ಜಿ ನೋಡಿದರು. ಜೀವನದಲ್ಲಿ ಮೊದಲ ಬಾರಿಗೆ, ಕಣ್ಣೆದುರಿನ ತಪ್ಪನ್ನು ತಪ್ಪೆನ್ನದೆ ಸಹಿ ಹಾಕಿದರು.

ಹದಿನೈದು ದಿನಕ್ಕೆ ಫಂಡಿನ ಕಚೇರಿಯಿಂದ ಫೋನು. ಬ್ಯಾಂಕಿನಲ್ಲಿರುವ ರಾಯರ ಹೆಸರೇ ಬೇರೆ, ಅರ್ಜಿಯಲ್ಲಿರುವ ಹೆಸರೇ ಬೇರೆ. ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಕೊಡದೆ ಕೆಲಸ ಮುಂದೆ ಹೋಗದು.

"ಇಡೀ ಊರಿನ ತಪ್ಪು ಹಿಡೀತಿದ್ರಿ," ಎಂದಳು ಹೆಂಡತಿ. "ನಿಮ್ಮ ಹೆಸರು ನಿಮಗೆ ಕಾಣ್ಲಿಲ್ವಾ?"

"ಕಂಡಿತ್ತು."

"ಮತ್ತೆ ಬಾಯಲ್ಲೇನು ಕಡುಬು ಇಟ್ಕೊಂಡಿದ್ರಾ?"

ವಕೀಲರ ಕೋಣೆಯಲ್ಲಿ ಪ್ರಮಾಣಪತ್ರ ಸಿದ್ಧವಾಗಿ ಬಂತು. 'ಸದರಿ ತಪ್ಪು ಹೆಸರಿನ ವೆಕ್ತಿಯು ನಾನೇ ಎಂದು ಈ ಮೂಲಕ ಪ್ರಮಾನ ಮಾಡುತ್ತೇನೆ.' ರಾಯರ ಬಲಗೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಬೆನ್ನ ಹಿಂದೆ ಹೆಂಡತಿ ಸಣ್ಣಗೆ ಕೆಮ್ಮಿದಳು. ಕೈ ಹಾಗೆಯೇ ಹಿಂದಕ್ಕೆ ಬಂತು. ವಕೀಲರು ಕೊಟ್ಟ ಪೆನ್ನಿನಿಂದ ರಾಯರು ಸಹಿ ಹಾಕಿದರು. ಆಮೇಲೆ ಅದರ ಕೆಳಗೆ, ಮೂವತ್ತೊಂದು ವರ್ಷದ ಅಭ್ಯಾಸಬಲದಿಂದ, ದುಂಡನೆಯ ಅಕ್ಷರಗಳಲ್ಲಿ ಬರೆದರು: 'ಓದಿ ನೋಡಿದೆ. ಎಲ್ಲವೂ ಸರಿಯಿದೆ.'