ಕೆಳಗೆ ನೀರಿರುವ ಬಂಡೆ

ಯಾರನ್ನೂ ಏನೂ ಕೇಳುವ ಸ್ವಭಾವ ನನ್ನದಲ್ಲ. ಆದರೆ ಕೇಳುವವರ ಪಕ್ಕದಲ್ಲಿ ಸ್ಕೂಟರ್ ಹಿಡಿದುಕೊಂಡು ನಿಲ್ಲುವ ಕೆಲಸ ಹೇಗೋ ನನಗೇ ಬರುತ್ತದೆ. ಎಂಬತ್ತರ ದಶಕದ ಕೊನೆಗೆ, ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡಿದ್ದಾಗ, ಕೇಳುವವನು ನನ್ನ ಹೆಂಡತಿಯ ತಮ್ಮ.

ಅವನಿಗೆ ಬಂಡೆ ಹತ್ತುವ ಹುಚ್ಚು. ಬಾದಾಮಿಯಲ್ಲಿ ಹಗ್ಗ ಕಟ್ಟಿಕೊಂಡು ಹತ್ತುವಾಗ ಬಿದ್ದು ಕಾಲು ಮುರಿದುಕೊಂಡಿದ್ದ. ಅವರವ್ವ ಆಸ್ಪತ್ರೆಯಲ್ಲೇ ಅವನ ಕೈಯನ್ನು ತಮ್ಮ ತಲೆಯ ಮೇಲೆ ಇರಿಸಿಕೊಂಡು, 'ಇನ್ನ ಹಗ್ಗ ಮುಟ್ಟಂಗಿಲ್ಲ' ಅಂತ ಆಣೆ ಮಾಡಿಸಿದರು. ಬಂಡೆ ಹತ್ತಬೇಡ ಎನ್ನುವುದು ಆ ಗಾಬರಿಯಲ್ಲಿ ಅವರಿಗೆ ಹೊಳೆಯಲಿಲ್ಲ. ಕಾಲು ಕೂಡಿದ ಮೇಲೂ ಹಗ್ಗ ಮುಟ್ಟದವನನ್ನು, ಅವನ ಜೊತೆ ಹತ್ತುತ್ತಿದ್ದ ಹುಬ್ಬಳ್ಳಿಯ ಗೆಳೆಯರು ತಂಡದಿಂದ ಕೈಬಿಡುವವರಿದ್ದರು. ಆಗ ಅವನು ಎಲ್ಲೋ ಓದಿದ: ಕೆಳಗೆ ಆಳವಾದ ನೀರಿದ್ದರೆ ಹಗ್ಗವೇ ಬೇಡ, ಕೈ ಜಾರಿದರೆ ನೀರಿಗೆ ಬಿದ್ದು ಈಜಿ ಬರುವುದು. 'ಅಂಥ ಜಾಗ ನಮ್ಮ ಕಡೆ ಐತಿ, ಬರೋ ಐತವಾರ ಬರ್ರಿ' ಎಂದು ಗೆಳೆಯರಿಗೆ ಹೇಳಿಯೇಬಿಟ್ಟ.

ಜಾಗ ಹುಡುಕುವುದಷ್ಟೇ ಬಾಕಿ ಇತ್ತು. ಸ್ಕೂಟರ್ ನನ್ನದು.

ಎಷ್ಟು ಫೂಟು?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಎದುರು ಒಂದು ಚಹಾದ ಅಂಗಡಿ. ಗಣಪತಿ ಹಬ್ಬ ಹತ್ತಿರವಿತ್ತು. ನಮ್ಮವನು ಅಂಗಡಿಯ ಚಾಚಾರನ್ನು ಕೇಳಿದ: 'ಮ್ಯಾಲಿಂದ ಬಿದ್ದರ ತಳ ಮುಟ್ಟಬಾರದು. ಅಷ್ಟು ಆಳ ನೀರಿರೋ ಕೆರಿ ಎಲ್ಲೈತ್ರಿ, ಚಾಚಾ?'

'ಗಣಪತಿ ಎಷ್ಟ್ ಫೂಟ್ ಐತಿ?'

'ಗಣಪತಿ ಅಲ್ರಿ. ಬೀಳಾಂವ ನಾನು.'

ಚಾಚಾ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. 'ಐದೂವರಿ. ಅಷ್ಟಕ್ಕ ಯಾವ ಕೆರೀನೂ ನಡೀತೈತಿ.'

ಬೆಂಚಿನ ಮೇಲಿದ್ದ ಹಮಾಲನೊಬ್ಬ ಎರಡು ಸಲ ಸೀನಿ, ಮೂಗು ಒರೆಸಿಕೊಂಡು ಕೇಳಿದ: 'ಬ್ಯಾಂಡ್ ಹೇಳೀರೇನ್ರಿ, ಇಲ್ಲಾ ಹಂಗ ಸುಮ್ಮನ ಒಯ್ಯತಾರೋ?'

ಬಂಡಿ

ಗಳಗನಾಥದ ಕಡೆ ಹೊಳೆಯ ದಂಡೆಯಲ್ಲಿ ದೊಡ್ಡ ಬಂಡೆಗಳಿವೆ ಎಂದು ಯಾರೋ ಹೇಳಿದ್ದರು. ದಾರಿಯಲ್ಲಿ ಒಬ್ಬ ಅಜ್ಜ ಎತ್ತು ಹೂಡುತ್ತಿದ್ದ. ನಮ್ಮ ಮಾತಿನಲ್ಲಿ ಬಂಡೆಯೂ ಬಂಡಿಯೇ, ಎತ್ತು ಹೂಡುವ ಬಂಡಿಯೂ ಬಂಡಿಯೇ. ಇದು ನನಗೆ ಹೊಳೆಯಿತು. ಆದರೆ ಆ ಬಿಸಿಲಿನಲ್ಲಿ ಬಾಯಿ ತೆರೆಯುವ ಉಮೇದು ಉಳಿದಿರಲಿಲ್ಲ.

'ಅಜ್ಜಾರ, ನಮಗ ಬಂಡಿ ಹತ್ತೂದೈತ್ರಿ. ಹೊಳಿ ದಂಡೀಗೆ.'

'ಹತ್ರಿ, ಅದಕ್ಕೇನ. ನಾನೂ ಅಲ್ಲಿಗೇ ಹೊಂಟೇನಿ.'

'ಇವತ್ತ ನಾನೊಬ್ಬನ. ಐತವಾರ ಹುಬ್ಬಳ್ಳಿಯಿಂದ ಮೂರು ಮಂದಿ ಬರ್ತಾರ.'

'ಹುಬ್ಬಳ್ಳಿಯಿಂದ ಬಂಡಿ ಹತ್ತಾಕ ಬರ್ತಾರ?' ಅಜ್ಜನ ಮುಖ ಅರಳಿತು. ಮೇವು ತಂದು ಬಂಡಿಯಲ್ಲಿ ಮೆತ್ತಗೆ ಹಾಸಿದ.

'ಕೆಳಗ ಮಾತ್ರ ಆಳ ನೀರಿರಬೇಕ್ರಿ. ಬಿದ್ದರ ಪೆಟ್ಟಾಗಬಾರದು ನೋಡ್ರಿ.'

ಅಜ್ಜ ಹಾಸಿದ ಮೇವನ್ನೆಲ್ಲ ಬಾಚಿ ತೆಗೆದು ಎತ್ತುಗಳ ಮುಂದೆ ಹಾಕಿದ. 'ನನ್ನ ಬಂಡಿ ಹತ್ತಿದವರು ಇವತ್ತಿನತನಕ ಒಬ್ಬರೂ ಬಿದ್ದಿಲ್ಲ. ಬೀಳೂದ ಇದ್ದರ ಬ್ಯಾರೇದವರ ಬಂಡಿ ನೋಡ್ಕೋರಿ.'

ದಾರ

ಕದರಮಂಡಲಗಿಯ ಆಚೆ ಒಂದು ಕೆರೆಯ ಆಳ ನೋಡಲು ದಾರಕ್ಕೆ ಕಲ್ಲು ಕಟ್ಟಿಕೊಂಡು ಹೋದೆವು. ದಾರವೂ ಹಗ್ಗದ ಜಾತಿಯೇ ಎಂದು ಅವನು ಮುಟ್ಟಲಿಲ್ಲ. ನಾನೇ ಇಳಿಬಿಟ್ಟೆ. ಅಷ್ಟರಲ್ಲಿ ಊರಿನವರು ಸುತ್ತ ನಿಂತಿದ್ದರು. ನನ್ನಂತೆ ಕನ್ನಡಕ ಹಾಕಿದವನು ನೀರಿನ ಆಳ ಅಳೆಯುತ್ತಿದ್ದಾನೆ ಎಂದರೆ ಅವನು ಅಣೆಕಟ್ಟಿನ ಎಂಜಿನಿಯರೇ ಇರಬೇಕು.

'ಸಾಹೇಬ್ರ, ಊರು ಮುಳುಗತೈತೇನ್ರಿ?'

ಹಾಗೇನಿಲ್ಲ ಎಂದೆ. ಯಾರೂ ನಂಬಲಿಲ್ಲ. ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, ಕೆರೆಯ ಆಚೆ ಬೊಟ್ಟು ಮಾಡಿ, ದನಿ ತಗ್ಗಿಸಿ ಹೇಳಿದರು: 'ನಮ್ಮೂರು ಬಿಡ್ರಿ. ಅಕಾ ಅಲ್ಲಿ ನಮ್ಮ ಬೀಗರ ಊರೈತಿ. ಅದನ್ನ ಮುಳುಗಸ್ರಿ.'

ಐತವಾರ

ಕೊನೆಗೆ ಹಾವೇರಿಯ ಕಡೆ ಒಂದು ಕೆರೆ ಸಿಕ್ಕಿತು. ಒಂದು ಬದಿಗೆ ಕಲ್ಲುಗುಡ್ಡ ನೆಟ್ಟಗೆ ನೀರಿಗೆ ಇಳಿದಿತ್ತು. ನೀರು ಕಪ್ಪಗೆ, ಆಳವಾಗಿ ಇತ್ತು. ಐತವಾರ ಹುಬ್ಬಳ್ಳಿಯ ಮೂವರೂ ಬಂದರು. ಅವರಲ್ಲಿ ಹಿರಿಯವನು ಹೇಳಿದ: 'ಮೊದಲ ನೀ ಹತ್ತು. ತಂಡದ ಮಾತು ಆಮ್ಯಾಲ.'

ನಮ್ಮವನು ಹತ್ತಿದ. ಚೆನ್ನಾಗಿಯೇ ಹತ್ತಿದ. ಅರ್ಧ ಏರಿದ ಮೇಲೆ ಮುಂದೆ ಎಲ್ಲಿ ಕೈ ಇಡಬೇಕೆಂದು ತಿಳಿಯದೆ ನಿಂತ. ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದ ಒಬ್ಬ ಅಜ್ಜಿ ತಲೆ ಎತ್ತಿ ನೋಡಿದಳು.

'ಏ ತಮ್ಮಾ! ಇಳಿಯೋ! ಅಂಥಾದ್ದೇನಾತೋ ನಿನಗ?'

ಹೊಲಗಳಿಂದ ಜನ ಓಡಿಬಂದರು. 'ಹೆಣ್ತಿ ತವರಿಗೆ ಹೋದ್ಲೇನೋ? ಬರ್ತಾಳ, ತಡಿ!'

'ನಂದಿನ್ನೂ ಲಗ್ನ ಆಗಿಲ್ಲಬೇ!' ಎಂದ ಮೇಲಿನಿಂದ.

'ಅದಕ್ಕ ನೋಡು!' ಎಂದು ಒಬ್ಬ ಉಳಿದವರಿಗೆ ತಿಳಿಸಿ ಹೇಳಿದ. 'ಕನ್ಯಾ ನಾವು ನೋಡ್ತೇವಿ, ನೀ ಮೊದಲ ಇಳಿ!'

ಇಬ್ಬರು ಗುಡ್ಡದ ಹಿಂಬದಿಯಿಂದ ಹತ್ತಿ, ಮೇಲಿನಿಂದ ಬಾವಿಯ ಹಗ್ಗ ಇಳಿಬಿಟ್ಟರು. ಅದು ಬಂದು ಅವನ ಮೂಗಿನ ಮುಂದೆ ತೂಗಾಡಿತು.

'ಹಿಡಿಯೋ!'

'ಹಿಡಿಯಂಗಿಲ್ಲ! ನಮ್ಮವ್ವಗ ಮಾತು ಕೊಟ್ಟೇನಿ!'

ಅಜ್ಜಿ ಗದ್ದಕ್ಕೆ ಕೈ ಹಚ್ಚಿದಳು. 'ಎಂಥಾ ತಾಯಿ ಇದ್ದಾಳೋ ಯಪ್ಪಾ ನಿನಗ!'

ಅವನಿಗೆ ನಗು ತಡೆಯಲಾಗಲಿಲ್ಲ. ಕೈ ಜಾರಿತು. ದಪ್ಪೆಂದು ಬಿದ್ದ, ಮುಳುಗಿದ, ಎದ್ದ, ಈಜಿಕೊಂಡು ದಂಡೆಗೆ ಬಂದ. ಹಿರಿಯ ಗೆಳೆಯ ಅವನ ಕೈ ಹಿಡಿದು ಮೇಲೆಳೆದ. 'ಜಾಗಾ ಫಸ್ಟ್ ಕ್ಲಾಸ್ ಐತಲೇ. ನೀ ಎಲ್ಲೂ ಹೋಗಬ್ಯಾಡ, ನಮ್ಮ ಕೂಡ ಇರು.'

ಅವನಿಗೆ ಬೇಕಾದದ್ದು ಸಿಕ್ಕಿತು. ಇನ್ನು ಮನೆಗೆ ಹೋಗಿ ಮಲಗಬಹುದು ಎಂದುಕೊಂಡೆ. ಅಜ್ಜಿ ಸೆರಗಿನಿಂದ ಅವನ ತಲೆ ಒರೆಸುತ್ತ ಸುತ್ತ ನೋಡಿದಳು. 'ಇಂವನ್ನ ಇಲ್ಲಿಗೆ ಕರಕೊಂಡು ಬಂದವರು ಯಾರು?'

'ನಾನ' ಎಂದೆ. 'ರಾಣೆಬೆನ್ನೂರಾಗ ಮಾಸ್ತರ ಅದೇನಿ. ಇಂವ ನನ್ನ ಹೆಂಡತಿ ತಮ್ಮ.'

ಅಜ್ಜಿ ನನ್ನನ್ನು ನೋಡಿದಳು, ಸ್ಕೂಟರ್ ನೋಡಿದಳು, ಕೆರೆ ನೋಡಿದಳು.

'ಹೆಣ್ತಿ ತಮ್ಮನ್ನ ಇಷ್ಟು ದೂರ ತರಬೇಕಿತ್ತೇನ್ರಿ ಮಾಸ್ತರ? ರಾಣೆಬೆನ್ನೂರಾಗ ಒಂದು ಬಾವೀನೂ ಇಲ್ಲೇನ್ರಿ?'