ಉಪ್ಪಲ್ ಸಮುದ್ರಕ್ಕೆ ಬಿದ್ದ ತೂತು

ಉಪ್ಪಲ್‌ನ ಮೈದಾನದಲ್ಲಿ ವೃತ್ತಿಪರ ಬೀಚ್ ವಾಲಿಬಾಲ್ ಪಂದ್ಯಾವಳಿ ನಡೆಸಿದವರು, ಆಟ ನೋಡಬೇಕೆಂದೇ ಬಂದ ಒಬ್ಬನೇ ಒಬ್ಬ ಮನುಷ್ಯನಿಗೆ ಆಟ ನೋಡಲು ಬಿಡಲಿಲ್ಲ. ಆರೋಪ ಇಷ್ಟೇ. ಉಳಿದದ್ದೆಲ್ಲ ನಿಯಮದ ಪ್ರಕಾರವೇ ನಡೆಯಿತು.

ಆ ಮನುಷ್ಯ ಮಲ್ಲಣ್ಣ. ಬೀದರ ಕಡೆಯವರು, ಉಪ್ಪಲ್ ಹತ್ತಿರದ ದಿಲ್‌ಸುಖ್‌ನಗರದಲ್ಲಿ ಟೈಲರ್. ಮಗಳು ಸ್ನೇಹಲತಾ ಆರು ವರ್ಷದಿಂದ ಚೆನ್ನೈ, ಗೋವಾ ಎಂದು ಆಡುತ್ತಿದ್ದಳು. ಅಪ್ಪ ಒಂದು ಆಟವನ್ನೂ ನೋಡಿರಲಿಲ್ಲ. ಈ ಸಲ ಆಟವೇ ಊರಿಗೆ ಬಂದಿತ್ತು. ಅಂಗಡಿಯ ಬಾಗಿಲು ಹಾಕಿ ಸಿಟಿ ಬಸ್ ಹತ್ತಿದರು.

ಗೇಟಿನಲ್ಲಿ ಪ್ರೇಕ್ಷಕ ವಿಭಾಗದ ಮುಖ್ಯಸ್ಥ ಗುರುರಾಜ ಕೂತಿದ್ದರು. ಮೈಸೂರಿನವರು. ಸ್ವಲ್ಪ ಹೊತ್ತು ತೆಲುಗಿನಲ್ಲಿ ಕಷ್ಟಪಟ್ಟ ಮೇಲೆ, ಇಬ್ಬರೂ ಕನ್ನಡದವರೆಂದು ಗೊತ್ತಾಗಿ ಸಂತೋಷವಾಯಿತು. ನಿಯಮಕ್ಕೆ ಏನೂ ಆಗಲಿಲ್ಲ.

"ಯಾವ ಕಂಪನಿ ನಿಮ್ದು?"

"ಕಂಪನಿ ಇಲ್ರಿ. ಟೈಲರ್ ಅದೀನಿ. ಮಗಳ ಆಟ ನೋಡಾಕ ಬಂದೀನಿ."

"ಆಟ ನೋಡೋಕೆ?" ಗುರುರಾಜ ಫಾರಂ ತಿರುವಿ ನೋಡಿದರು. "ಅದಕ್ಕೆ ಕಾಲಂ ಇಲ್ವಲ್ಲ ಸಾರ್."

ನಿಜಕ್ಕೂ ಇರಲಿಲ್ಲ. ಇದ್ದ ಎಂಟುನೂರು ಕುರ್ಚಿಗಳನ್ನೂ ಸಾಫ್ಟ್‌ವೇರ್ ಕಂಪನಿಗಳು, ಪ್ರಾಜೆಕ್ಟ್ ಸಿಗದೆ ಕಾಯುತ್ತಿದ್ದ ತಮ್ಮ ನೌಕರರಿಗೆ ಹಂಚಿದ್ದವು. ಅವರು ಕಾರ್ಡ್ ಉಜ್ಜಿ ಒಳಗೆ ಬರಬೇಕು, ಬೋರ್ಡ್ ಎತ್ತಿದಾಗ ಚಪ್ಪಾಳೆ ತಟ್ಟಬೇಕು. ನಿಯಮ ಹನ್ನೊಂದು: 'ಪ್ರೇಕ್ಷಕರು ಆಟ ನೋಡುವುದು ಐಚ್ಛಿಕ.' ಎಲ್ಲರೂ ಲ್ಯಾಪ್‌ಟಾಪ್ ತೆರೆದು ಬೇರೆ ಕೆಲಸ ಹುಡುಕುತ್ತಿದ್ದರು.

"ಅಲ್ಲಿ ಕುರ್ಚಿ ಖಾಲಿ ಅದಾವಲ್ರಿ?"

"ಖಾಲಿ ಅಲ್ಲ. ಕಾರ್ಡ್ ಉಜ್ಜಿ ಚಹಾಕ್ಕೆ ಹೋಗಿದ್ದಾರೆ. ದಾಖಲೆ ಪ್ರಕಾರ ಕೂತಿದ್ದಾರೆ."

"ಹಂಗಾದ್ರ ನಿಂತು ನೋಡ್ತೀನಿ."

"ನಿಂತ್ರೆ ನೀವು ಪ್ರೇಕ್ಷಕ ಆಗಲ್ಲ, ಅಡಚಣೆ ಆಗ್ತೀರಿ." ಗುರುರಾಜರಿಗೆ ಕನಿಕರ ಬಂತು. "ಒಂದು ಕೆಲಸ ಮಾಡಿ. ಸಮುದ್ರದಲ್ಲಿ ಒಂದು ಜಾಗ ಇದೆ."

ಟೀವಿಯಲ್ಲಿ ಬರೀ ಮರಳು ಕಂಡರೆ ಮಿಯಾಪುರದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಜಾಗದಂತೆ ಕಾಣುತ್ತದೆ ಎಂದು ಪ್ರಾಯೋಜಕರು ಆಕ್ಷೇಪಿಸಿದ್ದರು. ಆದ್ದರಿಂದ ಅಂಕಣದ ಹಿಂದೆ ಇಪ್ಪತ್ತು ಜನ ಎತ್ತಿ ಹಿಡಿದು ಅಲುಗಾಡಿಸುವ ನೀಲಿ ಬಟ್ಟೆಯ ಸಮುದ್ರ ಮಂಜೂರಾಗಿತ್ತು. 'ಅಲೆಗಳು' ಎನಿಸಿಕೊಂಡ ಈ ಜನ ಬಟ್ಟೆಯ ಹಿಂದೆಯೇ ಇರಬೇಕು. ತಲೆ ಕಾಣಬಾರದು.

ಮಲ್ಲಣ್ಣ ಅಲೆಯಾದರು.

ಆಟ ಶುರುವಾಯಿತು. ಮೈಕಿನಲ್ಲಿ ಮಗಳ ಹೆಸರು ಕೇಳಿಸಿತು, ಚೆಂಡಿಗೆ ಪೆಟ್ಟು ಬಿದ್ದದ್ದು ಕೇಳಿಸಿತು. ಕಣ್ಣೆದುರು ಮಾತ್ರ ನೀಲಿ. ಆ ಬಟ್ಟೆಯ ಹೊಲಿಗೆ ನೋಡಿ ಮೊದಲು ಅವರಿಗೆ ಸಿಟ್ಟು ಬಂತು. ಗೋಣಿಚೀಲಕ್ಕೂ ಯಾರೂ ಹಾಗೆ ಹೊಲಿಯುವುದಿಲ್ಲ. ಆಮೇಲೆ ಜೇಬಿನ ಸಣ್ಣ ಕತ್ತರಿ ನೆನಪಾಯಿತು. ನಾಲ್ಕು ಹೊಲಿಗೆ ಬಿಚ್ಚಿ, ಒಂದು ಕಣ್ಣು ಇಟ್ಟರು.

ಸ್ನೇಹಲತಾ ಗಾಳಿಯಲ್ಲಿದ್ದಳು. ಹೊಡೆದಳು. ಚೆಂಡು ಎದುರಾಳಿಯ ಮರಳಿನಲ್ಲಿ ಹೂತಿತು.

"ಹೊಡಿ ಮಗಳ! ಹಂಗ ಹೊಡಿ!" ಎಂದು ಸಮುದ್ರ ಕೂಗಿತು.

ಲ್ಯಾಪ್‌ಟಾಪ್ ಹಿಂದಿದ್ದ ತಲೆಗಳು ಮೊದಲ ಸಲ ಮೇಲೆದ್ದವು. ಸ್ನೇಹಲತಾ ತಿರುಗಿ ನೋಡಿದಳು. ಸಮುದ್ರದ ನಡುವೆ ಒಂದು ಕಣ್ಣಿತ್ತು.

ಆಟ ನಿಂತಿತು. ಸಮಿತಿ ಸೇರಿತು. ಮೈಕಿನಲ್ಲಿ ಪ್ರಕಟಣೆ ಬಂತು: "ಸಮುದ್ರದಲ್ಲಿ ಅನಧಿಕೃತ ರಂಧ್ರ ಪತ್ತೆಯಾಗಿದ್ದು, ಅದರ ಮೂಲಕ ಆಟ ನೋಡಲಾಗಿದೆ. ಪ್ರೇಕ್ಷಕರು ಗಾಬರಿಯಾಗಬಾರದು."

ತೂತು ಮಾಡಿದವರೇ ಅದನ್ನು ಹೊಲಿಯಬೇಕೆಂದು ತೀರ್ಮಾನವಾಯಿತು. ಮಲ್ಲಣ್ಣ ಹೊಲಿದರು. ಕೆಟ್ಟ ಹೊಲಿಗೆ ಅವರ ಕೈಗೆ ಬರುವುದಿಲ್ಲ. ಬೆಳಕು ಕೂಡ ತೂರದ ಹಾಗೆ ಹೊಲಿದರು. ಸಮಿತಿ ಮೆಚ್ಚಿತು. ಮಗಳು ಗೆದ್ದದ್ದನ್ನು ಅವರು ಬಟ್ಟೆಯ ಹಿಂದಿನಿಂದ ಕೇಳಿಸಿಕೊಂಡರು. 'ಉತ್ತಮ ಅಲೆ' ಎಂಬ ಪ್ರಮಾಣಪತ್ರ ಸಿಕ್ಕಿತು.

"ಎಷ್ಟು ನೋಡಿದೆಪ್ಪಾ?" ಎಂದಳು ಮಗಳು.

"ಒಂದ ಹೊಡ್ತ ನೋಡೀನವ್ವ."

"ಭಾಳ ಆತು ಬಿಡು. ಎಂಟುನೂರು ಮಂದಿ ಅಷ್ಟೂ ನೋಡಿಲ್ಲ."

ಮುಂದಿನ ಪಂದ್ಯಾವಳಿ ಮಿಯಾಪುರದಲ್ಲಿ. ಅದಕ್ಕಾಗಿ ಹೊಲಿಗೆಯೇ ಇಲ್ಲದ ಸಮುದ್ರಕ್ಕೆ ಟೆಂಡರ್ ಕರೆದಿದ್ದಾರೆ. ಮಲ್ಲಣ್ಣನವರನ್ನು ಕಾಯಂ ಅಲೆಯಾಗಿ ನೇಮಿಸಿದ್ದಾರೆ. ಅವರು ಒಪ್ಪಿದ್ದಾರೆ, ಮಗಳೂ ಒಪ್ಪಿದ್ದಾಳೆ.

ನೀವು ಒಪ್ಪಬೇಡಿ. ಗೇಟಿಗೆ ಹೋಗಿ. ಆಟ ನೋಡಲು ಬಂದಿದ್ದೇನೆ ಎಂದು ಗಟ್ಟಿಯಾಗಿ ಹೇಳಿ. ಕಾಲಂ ಇಲ್ಲ ಎಂದರೆ, ನೆಟ್ಟಗೆ ಆ ನೀಲಿ ಬಟ್ಟೆಯ ಕಡೆ ನಡೆಯಿರಿ. ಹೋಗುವಾಗ ಕತ್ತರಿ ಒಯ್ಯಿರಿ. ದೊಡ್ಡದನ್ನೇ ಒಯ್ಯಿರಿ.